ತನ್ನ ತಿಥಿಯ ಕುದುರೆ ತಾನೇ ಮಾರಿದ ಸಾಯ್ರಕಾನ್

ತನ್ನ ತಿಥಿಗೆಂದು ಕಟ್ಟಿ ಮೇಯಿಸುತ್ತಿದ್ದ ಕುದುರೆಯನ್ನು ಮಾರಿ ಫ್ರಾನ್ಸು, ಸ್ಪೇನು ಸುತ್ತಿಕೊಂಡು ಬಂದ ಹೆಂಗಸು ನಮ್ಮ ಅಟ್‌ಬಾಶಿ ಕಣಿವೆಯಲ್ಲಿ ಸಾಯ್ರಕಾನ್ ಒಬ್ಬಳೇ. ಹಿಂದೆ ಯಾರೂ ಇರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ಊರ ಸ್ನಾನದ ಮನೆಯಲ್ಲಿ ಒಲೆ ಉರಿಸಿ, ಹಂಡೆ ಕಾಯಿಸಿ, ಹೆಂಗಸರ ಬೆನ್ನು ಉಜ್ಜಿ ಆಯುಷ್ಯ ಸವೆಸಿದವಳು ಆಕೆ. ಊರಿನ ಅರ್ಧ ಜನರನ್ನು ಬರಿಮೈಯಲ್ಲಿ ಕಂಡಿದ್ದಳು. ಉಳಿದರ್ಧದ ಸಮಾಚಾರವನ್ನು ಆ ಅರ್ಧದ ಬಾಯಿಂದಲೇ ಕೇಳಿದ್ದಳು. ಅಂಥವಳಿಗೆ ಯಾರ ಹೆದರಿಕೆ ಇರುತ್ತದೆ ಹೇಳಿ.

ನಮ್ಮ ಕಡೆ ಒಬ್ಬರು ಸತ್ತರೆ ಒಂದು ಕುದುರೆ ಬೀಳಲೇಬೇಕು. ಕುದುರೆ ಮಾಂಸ ಬೇಯದ ಸಾವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾನವಂತ ಮುದುಕಿಯರು ಮಕ್ಕಳ ಕೈ ಕಾಯದೆ ಎಲ್ಲವನ್ನೂ ತಾವೇ ಹೊಂದಿಸಿಟ್ಟುಕೊಳ್ಳುತ್ತಾರೆ. ಬಂದವರಿಗೆ ಹಂಚುವ ತಲೆವಸ್ತ್ರ, ಹೆಣಕ್ಕೆ ಬಿಳಿ ಬಟ್ಟೆ ಪೆಟ್ಟಿಗೆಯಲ್ಲಿ, ಕುದುರೆ ಕೊಟ್ಟಿಗೆಯಲ್ಲಿ. ಸಾಯ್ರಕಾನ್ ಕೂಡ ಗಂಡ ತೀರಿಕೊಂಡ ವರ್ಷವೇ ಒಂದು ಕೆಂಬಣ್ಣದ ಮರಿ ಕಟ್ಟಿದಳು. ದಿನಾ ಬೆಳಿಗ್ಗೆ ಬಾರ್ಲಿ ಇಟ್ಟಳು. ಕುದುರೆ ಉಬ್ಬುತ್ತಾ ಹೋಯಿತು, ಅವಳು ಸೊರಗುತ್ತಾ ಹೋದಳು.

“ನಾನು ಕೆಮ್ಮಿದ್ರೆ ಸಾಕು, ಕಿವಿ ನಿಮಿರಿಸುತ್ತೆ ಕಣೆ,” ಎಂದು ಸ್ನಾನದ ಮನೆಯ ಗೆಳತಿ ಉರ್ಕುಯಾಳ ಹತ್ತಿರ ಹೇಳುತ್ತಿದ್ದಳು. “ನಾನು ಸತ್ರೆ ಅದೂ ಸಾಯುತ್ತಲ್ಲ. ಈ ಮನೇಲಿ ನನ್ನ ಆರೋಗ್ಯದ ಚಿಂತೆ ಇರೋದು ಅದಕ್ಕೊಂದಕ್ಕೇ.”

ಸಾಯ್ರಕಾನಳ ತಂಗಿಯ ಮಗ ಜೋಲ್ದೋಶ್ ಲಿಥುವೇನಿಯಾದ ಯಾವುದೋ ಕಂಪನಿಯ ದೊಡ್ಡ ಲಾರಿ ಓಡಿಸುತ್ತಾನೆ. ಒಂದು ವಸಂತದಲ್ಲಿ ರಜೆಗೆ ಬಂದವನು ದೊಡ್ಡಮ್ಮನ ಮನೆಯಲ್ಲಿ ಚಹಾ ಕುಡಿಯುತ್ತಾ, ಮೊಬೈಲಿನಲ್ಲಿ ರಸ್ತೆಗಳನ್ನು ತೋರಿಸುತ್ತಾ, ಬಾಯಿಮಾತಿಗೆ ಒಂದು ಮಾತು ಬಿಟ್ಟ. “ತಾಯೆಜೆ, ಕ್ಯಾಬಿನ್ನಲ್ಲಿ ಮೇಲಿನ ಹಾಸಿಗೆ ಖಾಲಿನೇ ಇರುತ್ತೆ. ಬಂದ್ಬಿಡಿ, ಪ್ಯಾರಿಸ್ ತೋರಿಸ್ತೀನಿ.” ಇಂಥ ಮಾತಿಗೆ ದೊಡ್ಡಮ್ಮಂದಿರು ನಕ್ಕು, ಆಗ್ಲಪ್ಪಾ ಎಂದು ಸುಮ್ಮನಾಗಬೇಕು. ಸಾಯ್ರಕಾನ್ ಚಹಾ ಬಟ್ಟಲು ಕೆಳಗಿಟ್ಟು, “ಯಾವಾಗ?” ಎಂದಳು.

ಜೋಲ್ದೋಶ್ ತಡವರಿಸಿದ. ವೀಸಾ ಎಂದ, ಟಿಕೆಟ್ ಎಂದ, ಕಂಪನಿಯವರಿಗೆ ಗೊತ್ತಾದರೆ ಬೈಯುತ್ತಾರೆ ಎಂದ. ಅವಳು ಕೊಟ್ಟಿಗೆಯ ಕಡೆ ಕೈ ತೋರಿಸಿದಳು. “ನನ್ನ ಸಾವಿಗೆ ಅಂತ ಮೇಯಿಸಿದ್ದು ಅಲ್ಲಿದೆ. ಅದನ್ನ ನನ್ನ ಬದುಕಿಗೆ ಮಾರ್ತೀನಿ.” ಭಾನುವಾರದ ದನದ ಸಂತೆಗೆ ತಾನೇ ಹಗ್ಗ ಹಿಡಿದು ನಡೆದಳು. ಇಷ್ಟು ಚೆಂದದ ಕುದುರೆ ಯಾಕಪ್ಪಾ ಮಾರುತ್ತಾಳೆ ಎಂದು ಕೊಳ್ಳುವವನಿಗೆ ಅನುಮಾನ. “ರೋಗ ಇಲ್ಲ, ಕಳ್ಳಮಾಲೂ ಅಲ್ಲ. ನನ್ನ ಸಾವನ್ನ ಮುಂದಕ್ಕೆ ಹಾಕಿದೀನಿ, ಅಷ್ಟೇ,” ಎಂದು ಹಗ್ಗ ಅವನ ಕೈಗೆ ಕೊಟ್ಟು ತಿರುಗಿ ನೋಡದೆ ಬಂದಳು.

ಆ ಬೇಸಿಗೆಯೆಲ್ಲ ಅವಳು ಲಾರಿಯಲ್ಲೇ ಕಳೆದಳು. ಮಾಲೀಕ ಮೊಬೈಲಿನಲ್ಲಿ ಮುಖ ತೋರಿಸಿದಾಗಲೆಲ್ಲ ಮೇಲಿನ ಹಾಸಿಗೆಯ ಪರದೆ ಎಳೆದುಕೊಂಡು ಉಸಿರು ಬಿಗಿಹಿಡಿದಳು. ಶರತ್ಕಾಲಕ್ಕೆ ಊರಿಗೆ ಬಂದಾಗ ಮುಖ ಒಂದೇ ಕಡೆ ಕಪ್ಪಾಗಿತ್ತು, ಕಿಟಕಿಯ ಕಡೆ. ತೆಗೆಸಿಕೊಂಡ ಫೋಟೋಗಳನ್ನು ನಾರಿನ್ ಪೇಟೆಯಲ್ಲಿ ಕಾಗದಕ್ಕೆ ಇಳಿಸಿ ತಂದಿದ್ದಳು.

ಊರಿಗೆ ಊರೇ ಬಂತು. ಚಹಾ, ಜಾಮು, ಹಿಟ್ಟು ನಾದಿ ಕರಿದ ಬಿಸಿ ಬಿಸಿ ಬೊರ್ಸೋಕ್ ಖಾಲಿಯಾದವು. ಫೋಟೋಗಳು ಕೈಯಿಂದ ಕೈಗೆ ಹೋದವು. ಆಮೇಲೆ ಒಬ್ಬೊಬ್ಬರೂ ಫೋಟೋ ತಿರುವಿ, ಹಿಂದೆ ಏನಾದರೂ ಇದೆಯೇ ಎಂದು ನೋಡತೊಡಗಿದರು. ಯಾಕೆಂದರೆ ಫೋಟೋಗಳಲ್ಲಿ ಇದ್ದದ್ದು ಲಾರಿಗಳು. ಲಾರಿ ನಿಲ್ಲುವ ಬಯಲು, ಡೀಸೆಲ್ ಬಂಕು, ಗೋದಾಮಿನ ಹಿಂಬಾಗಿಲು, ಡಾಂಬರು, ಒಂದರಲ್ಲಿ ಮೂರು ಹಸು. ಗೋಪುರವಿಲ್ಲ, ಅರಮನೆಯಿಲ್ಲ, ಪಾರಿವಾಳ ಹಾರುವ ಚೌಕವಿಲ್ಲ. ಎಲ್ಲದರ ನಡುವೆ ಹೂವಿನ ತಲೆವಸ್ತ್ರ ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಯ್ರಕಾನ್.

ಫೋಟೋ ಕೊನೆಗೆ ಮುಸಾಕುನನ ಕೈಗೆ ಬಂತು. ಸಾಯ್ರಕಾನಳ ಗಂಡನ ಅಣ್ಣ, ಆ ವಂಶಕ್ಕೆಲ್ಲ ಹಿರಿಯ, ತಲೆಯ ಮೇಲಿನ ಕಂಬಳಿ ಟೋಪಿಯಷ್ಟೇ ನೆಟ್ಟಗಿನ ಮುದುಕ. ಹರೆಯದಲ್ಲಿ ಸೋವಿಯತ್ ಸೈನ್ಯದಲ್ಲಿ ಜರ್ಮನಿಗೆ ಹೋಗಿ ಬಂದಿದ್ದ. ಅಂದಿನಿಂದ ಮದುವೆಯಿರಲಿ ಸಾವಿರಲಿ, “ನಾನು ಜರ್ಮನಿಲಿದ್ದಾಗ” ಎಂದು ಶುರುಮಾಡುವನು. ಅಲ್ಲಿಯ ಕೋಟೆಗಳು, ಅಲ್ಲಿಯ ಬೀದಿಗಳು, ತನ್ನನ್ನು ಊಟಕ್ಕೆ ಕರೆದ ಜರ್ಮನರು. ಮುಂದಿನ ವಾಕ್ಯ ಊರ ಮಕ್ಕಳಿಗೂ ಬಾಯಿಪಾಠ. ನಮ್ಮೂರಿನ ಪಾಲಿಗೆ ಯೂರೋಪು ಅವನೊಬ್ಬನ ಹೊಲ. ಅದಕ್ಕೆ ಈಗ ತಮ್ಮನ ಹೆಂಡತಿ ನುಗ್ಗಿ ಮೇಯ್ದು ಬಂದಿದ್ದಳು.

ಅವನು ಫೋಟೋಗಳನ್ನು ಇಸ್ಪೀಟಿನ ಎಲೆ ಎಸೆದ ಹಾಗೆ ಒಂದೊಂದಾಗಿ ಹಾಸಿನ ಮೇಲೆ ಹಾಕಿದ. “ಇದು ನಮ್ಮ ಬಾಲಿಕ್ಚಿ ಬಸ್ ಸ್ಟ್ಯಾಂಡು. ಇದು ಬಿಷ್ಕೆಕ್ ಹಿಂದ್ಗಡೆ ಇರೋ ಗೋದಾಮು. ಇದು ಯಾರೋ ಕಜಕರ ಹಸು. ಕೆಲಿನ್, ನೀನು ತಂಗಿ ಮನೇಲಿ ತಿಂದ್ಕೊಂಡು ಮಲಗಿದ್ದು ಬಂದಿದೀಯ. ಅದಕ್ಕೆ ತಿಥಿ ಕುದುರೆ ಮಾರ್ಕೊಂಡ್ಯಾ?”

ಕೆಲಿನ್ ಎಂದರೆ ಸೊಸೆ. ಎಪ್ಪತ್ತರ ಹತ್ತಿರ ಬಂದರೂ ಅವನಿಗೆ ಅವಳು ಕೆಲಿನ್ನೇ. ಜನ ನಕ್ಕರು. ತಿಂದ ಬೊರ್ಸೋಕಿನ ಎಣ್ಣೆ ಇನ್ನೂ ಬೆರಳಲ್ಲಿರುವಾಗಲೇ ನಕ್ಕರು. ಸಾಯ್ರಕಾನಳಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳುಗಾತಿ ಎನ್ನಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ, ತಾನು ಕಂಡದ್ದನ್ನು ಕಾಣಲೇ ಇಲ್ಲ ಎಂದುಬಿಟ್ಟರಲ್ಲ ಎಂದು ಉರಿಯಿತು. ಆದರೂ ಹಾಸಿನ ಮೇಲಿನ ಫೋಟೋಗಳನ್ನು ಆರಿಸಿಕೊಂಡು, ಒರೆಸಿ, ಪೆಟ್ಟಿಗೆಯಲ್ಲಿಟ್ಟಳು.

ಮುಸಾಕುನ್ ಅಷ್ಟಕ್ಕೆ ಬಿಡಲಿಲ್ಲ. ಅವಳ ಮಗ ಶಾರ್ಶೆನ್ ಬೆಣ್ಣೆಯಂಥ ಮನುಷ್ಯ. ದೊಡ್ಡಪ್ಪ ಕೆಮ್ಮಿದರೆ ಇವನಿಗೆ ನೆಗಡಿ. ಅವನ ಕಿವಿ ಹಿಂಡಿ ಒಂದು ಬೂದು ಬಣ್ಣದ ಕುದುರೆ ಕೊಳ್ಳಿಸಿ, ಅದೇ ಕೊಟ್ಟಿಗೆಯಲ್ಲಿ ಕಟ್ಟಿಸಿದ. “ನೋಡು ಕೆಲಿನ್, ಇದು ನಿಂದಲ್ಲ. ನಿನ್ನ ಹೆಣದ್ದು. ಮುಟ್ಬೇಡ,” ಎಂದು ಹೇಳಿ ಹೋದ.

ಮರುವರ್ಷ ಹಿಮ ಕರಗುವ ಹೊತ್ತಿಗೆ ಜೋಲ್ದೋಶನ ಫೋನು ಬಂತು. ಈ ಬೇಸಿಗೆ ಮುಗಿದರೆ ಲಾರಿ ಬಿಟ್ಟು ಊರಿಗೆ ಬಂದುಬಿಡುತ್ತಾನಂತೆ. ಕೊನೆಯ ಸುತ್ತು ಪೋರ್ಚುಗಲ್ಲಿಗೆ. “ಅಲ್ಲಿ ನೆಲ ಮುಗಿದೇ ಹೋಗುತ್ತೆ ತಾಯೆಜೆ. ಆಮೇಲೆ ಬರೀ ನೀರು. ಬರ್ತೀರಾ?” ಹೋದ ಸಲ ಸ್ಪೇನಿನಲ್ಲಿ ಲಾರಿ ಸಮುದ್ರದ ಪಕ್ಕದಲ್ಲೇ ಹಾದಿದ್ದರೂ ಅವಳು ನಿದ್ದೆಹೋಗಿ ತಪ್ಪಿಸಿಕೊಂಡಿದ್ದಳು. ಎಚ್ಚರವಾದಾಗ ಗಾಳಿಯಲ್ಲಿ ಉಪ್ಪಿನ ವಾಸನೆ ಮಾತ್ರ ಉಳಿದಿತ್ತು. ಎಲ್ಲಿ ನೋಡಿದರೂ ಬೆಟ್ಟವೇ ಅಡ್ಡ ನಿಲ್ಲುವ ಊರಿನಲ್ಲಿ ಹುಟ್ಟಿದವಳಿಗೆ, ಅಡ್ಡ ಏನೂ ಇಲ್ಲದ ಕಡೆ ಒಂದು ಸಲ ನಿಲ್ಲಬೇಕೆಂಬ ಆಸೆ ಅಂದಿನಿಂದ ಹತ್ತಿಕೊಂಡಿತ್ತು. ಪಿಂಚಣಿ ಕೂಡಿಟ್ಟಿದ್ದಳು. ಮೊಣಕಾಲು ಇನ್ನೊಂದು ವರ್ಷ ಕಾಯುವ ಹಾಗಿರಲಿಲ್ಲ.

“ಅಪಾ, ಬೇಡಮ್ಮ,” ಎಂದು ಶಾರ್ಶೆನ್ ಕೈಮುಗಿಯುವುದೊಂದು ಬಾಕಿ. “ದೊಡ್ಡಪ್ಪ ಏನಂದಿದಾರೆ ಗೊತ್ತಾ? ಹೋದ್ರೆ ನಮ್ಮನೆ ಹೊಸಿಲು ತುಳಿಯಲ್ವಂತೆ. ಅವರು ಬರ್ದೆ ಇದ್ರೆ ಇನ್ಯಾರೂ ಬರಲ್ಲ. ನಾಳೆ ಮಕ್ಕಳ ಮದುವೆ ಮಾಡೋದು ಬೇಡ್ವಾ ನಾನು?”

ಸಾಯ್ರಕಾನ್ ಮಗನೊಂದಿಗೆ ವಾದ ಮಾಡದೆ ನೇರ ಮುಸಾಕುನನ ಅಂಗಳಕ್ಕೆ ಹೋದಳು. ಅಲ್ಲಿ ಬಿಸಿಲಿಗೆ ಕೂತಿದ್ದ ಮುದುಕರ ಮುಂದೆಯೇ ಕೇಳಿದಳು. “ಅಕೆ, ನಾನು ಹೋದ್ರೆ ನಿಮಗೇನು ತೊಂದ್ರೆ?” ಅಕೆ ಎಂದರೆ ಅಣ್ಣ.

“ತಿಥಿ ಬಾಕಿ ಇಟ್ಕೊಂಡೋಳು ಗಡಿ ದಾಟಬಾರದು,” ಎಂದ ಮುಸಾಕುನ್. “ಅಲ್ಲೆಲ್ಲೋ ಬಿದ್ದು ಸತ್ರೆ ಹೆಣ ತರೋರ್ಯಾರು, ಊಟ ಹಾಕೋರ್ಯಾರು? ಕೊಡಬೇಕಾದ್ದು ಕೊಟ್ಟು ಎಲ್ಲಿಗಾದ್ರೂ ಹಾಳಾಗ್ಹೋಗು.”

“ಅಷ್ಟೇ ತಾನೆ? ಬರೋ ಶುಕ್ರವಾರ ನನ್ನ ತಿಥಿ. ಎಲ್ಲಾರೂ ಬನ್ನಿ.”

ಒಬ್ಬ ಮುದುಕನ ಬಾಯಿಂದ ಹೊಗೆಸೊಪ್ಪಿನ ಪುಡಿ ಉದುರಿತು. ಇನ್ನೊಬ್ಬ ಮೆಲ್ಲಗೆ, ಹಿಂದಿನ ಕಾಲದಲ್ಲಿ ಮಕ್ಕಳಿಲ್ಲದವರು ಬದುಕಿದ್ದಾಗಲೇ ತಮ್ಮ ತಿಥಿಯೂಟ ಹಾಕಿಸಿದ್ದುಂಟು ಎಂದ. ಮುಸಾಕುನ್ ಅವನನ್ನು ಸುಡುವಂತೆ ನೋಡಿದ. ಪದ್ಧತಿ ಉಂಟು ಎಂದಮೇಲೆ ಇಲ್ಲ ಎನ್ನುವ ಹಾಗಿಲ್ಲ. ಆದರೆ ಒಂದು ಗಂಟು ಅವನ ಕೈಯಲ್ಲೇ ಇತ್ತು. ಊಟದಲ್ಲಿ ಸೊಂಟದ ಮೂಳೆ ವಂಶದ ಹಿರಿಯನಿಗೆ ಸಲ್ಲಬೇಕು, ಅವನು ಅದನ್ನು ತಿಂದು, ಕೊನೆಗೆ ಅಂಗೈ ಬಿಚ್ಚಿ ಹರಸಬೇಕು. ಅದಿಲ್ಲದಿದ್ದರೆ ಅದು ತಿಥಿಯಲ್ಲ, ಬರೀ ಊಟ. “ಕಡಿ ನಿನ್ನ ಕುದುರೆ. ನಾನು ಬಂದ್ರೆ ತಾನೆ?” ಎಂದು ಮುಖ ತಿರುಗಿಸಿದ.

ಶುಕ್ರವಾರ ಸಾಯ್ರಕಾನಳ ಅಂಗಳದಲ್ಲಿ ಸಾವಿಗೆ ಎಬ್ಬಿಸುವ ಹಾಗೆಯೇ ಕಂಬಳಿ ಗುಡಾರ ಎದ್ದಿತು. ದೊಡ್ಡ ಕಡಾಯಿ ಏರಿತು. ಬೂದು ಕುದುರೆಯ ಮಾಂಸ ಕುದಿಯತೊಡಗಿತು. ಅವಳು ಗುಡಾರದ ಒಳಗೆ, ಬಿದಿರು ತಟ್ಟಿಯಂತೆ ಹೆಣೆದ ಗೋಡೆಯ ಮೇಲೆ, ಎಲ್ಲ ಫೋಟೋಗಳನ್ನೂ ಸುತ್ತ ಸಿಕ್ಕಿಸಿದಳು. ಸತ್ತವರದು ಒಂದೇ ಫೋಟೋ ಇಡುವುದು ವಾಡಿಕೆ. ಬದುಕಿರುವವಳದು ಇಷ್ಟಿದ್ದರೇನು ತಪ್ಪು ಎಂದು ಅವಳ ವಾದ.

ಉರ್ಕುಯಾ ಬಂದವಳೇ ಗುಡಾರದಲ್ಲಿ ಗೋಡೆಯ ಕಡೆ ಮುಖಮಾಡಿ ಕೂತು, ರಾಗ ತೆಗೆದು ಅಳತೊಡಗಿದಳು. ಸತ್ತವರನ್ನು ಹೊಗಳಿ ಹಾಡಿಕೊಂಡು ಅಳುವುದು ಹೆಂಗಸರ ಕೆಲಸ. “ಅಯ್ಯೋ ನನ್ನ ಸಾಯ್ರಕಾನೇ, ಚರ್ಮ ಕಿತ್ತು ಬರೋ ಹಾಗೆ ಉಜ್ತಿದ್ಯಲ್ಲೇ…”

“ಹೊಗಳೇ ಮುಂಡೇದೇ,” ಎಂದು ಕಡಾಯಿಯ ಹತ್ತಿರದಿಂದ ಸಾಯ್ರಕಾನ್ ಕೂಗಿದಳು. “ಅದು ಹೊಗಳಿಕೆ ಏನೇ?”

“ಅಯ್ಯೋ, ಸತ್ತಮೇಲೂ ಬಾಯಿ ಮುಚ್ಚಲಿಲ್ಲವಲ್ಲೇ…” ಎಂದು ಉರ್ಕುಯಾ ರಾಗ ಬಿಡದೆ ಮುಂದುವರಿಸಿದಳು. ನೆರೆಮನೆಯ ಹೆಂಗಸರು ಬೇಲಿಯಾಚೆ ನಿಂತು ನಗು ತಡೆಯಲಾರದೆ ಒಬ್ಬೊಬ್ಬರಾಗಿ ಒಳಗೆ ಬಂದರು.

ಗಂಡಸರು ಬರಲಿಲ್ಲ. ಮುಸಾಕುನನ ಬಾಗಿಲಲ್ಲಿ ಗುಂಪಾಗಿ ನಿಂತು, ಅವನು ಹೊರಟರೆ ಹೊರಡೋಣ ಎಂದು ಕಾದಿದ್ದರು. ಸಾಯ್ರಕಾನ್ ಕಡಾಯಿಯ ಮುಚ್ಚಳ ತೆಗೆದಳು. ಕರುಳಿಗೆ ಪಕ್ಕೆಲುಬಿನ ಮಾಂಸ, ಕೊಬ್ಬು ತುಂಬಿದ ಕಜಿ ಬೆಂದ ವಾಸನೆ ಬೀದಿಯುದ್ದಕ್ಕೂ ಹೋಯಿತು. ಆ ವಾಸನೆಯ ಮುಂದೆ ನಮ್ಮ ಕಡೆಯ ಗಂಡಸಿನ ಯಾವ ಶಪಥ ನಿಂತಿದೆ? ಮೊದಲು ಮುಲ್ಲಾ ಬಂದ; ಅವನ ಹಿಂದೆ, ಮುಲ್ಲಾನೇ ಹೋದಮೇಲೆ ನಮ್ಮದೇನು ಎಂದು ಉಳಿದವರು. ಶಾರ್ಶೆನ್ ಎಲ್ಲರ ಕೈಗೂ ನೀರು ಹಾಕುತ್ತಾ, ದೊಡ್ಡಪ್ಪ ಬರುವ ದಾರಿಯನ್ನೇ ನೋಡುತ್ತಿದ್ದ.

ಮುಲ್ಲಾನಿಗೆ ಒಂದು ತೊಡಕು ಬಂತು. “ಎಜೆ, ನೀವೇ ಹೇಳಿ ಅಕ್ಕಾ, ನಾನು ಯಾರ ಹೆಸರಲ್ಲಿ ಪ್ರಾರ್ಥನೆ ಓದ್ಲಿ? ನೀವು ಎದುರಿಗೇ ಕೂತಿದೀರಿ.”

“ನನ್ನ ಗಂಡನ ಹೆಸರಲ್ಲಿ ಓದಿ. ಅವನ ತಿಥಿಲಿ ನಿಮಗೆ ಇನ್ನೊಂದು ಮನೆಗೆ ಹೋಗೋ ಅವಸರ, ಅರ್ಧ ನುಂಗಿದ್ರಿ. ಆ ಅರ್ಧ ಇವತ್ತು ಓದಿ.” ಮುಲ್ಲಾ ತೆಪ್ಪಗೆ ಪೂರ್ತಿ ಓದಿದ.

ಓದಿ ಮುಗಿಯುವಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮುಸಾಕುನ್. ಇಡೀ ಊರು ಬಿಟ್ಟುಹೋದಮೇಲೆ ಒಬ್ಬನೇ ಎಷ್ಟು ಹೊತ್ತು ಕೂರುತ್ತಾನೆ? “ನಾನು ಊಟಕ್ಕೆ ಬಂದಿಲ್ಲ. ಈ ನಾಟಕ ನೋಡೋಕೆ ಬಂದೆ,” ಎಂದು, ಹಿರಿಯರ ಜಾಗದಲ್ಲಿ ಕೂರದೆ, ಕೋಲೂರಿಕೊಂಡು ಗೋಡೆಯ ಫೋಟೋಗಳ ಮುಂದೆ ನಿಂತ. ಕೋಲಿನ ತುದಿಯಿಂದ ಒಂದನ್ನು ತಟ್ಟಿದ. “ಇದ್ಯಾವ ಬಸ್ ಸ್ಟ್ಯಾಂಡು?”

“ಪೋಲೆಂಡಿನ ಗಡಿ. ಲಾರಿಗಳ ಸಾಲು ಮುಂದಕ್ಕೇ ಹೋಗ್ತಿರಲಿಲ್ಲ. ಟೂಲ್ ಪೆಟ್ಟಿಗೆ ಮುಚ್ಚಳದ ಮೇಲೆ ಹಿಟ್ಟು ನಾದಿ ಬೊರ್ಸೋಕ್ ಕರಿದೆ. ಜಾರ್ಜಿಯಾದವರು, ತುರ್ಕಿಯವರು, ಉಕ್ರೇನಿನವರು ಎಲ್ಲಾ ಬಂದ್ರು. ನೀವು ಆ ದಿನ ತಿಂದು ನಕ್ಕ್ರಲ್ಲ, ಅದೇ ಬೊರ್ಸೋಕು. ಅವರು ತಿಂದು ನಗಲಿಲ್ಲ, ಪಾತ್ರೆ ತೊಳೆದುಕೊಟ್ಟು ಹೋದ್ರು.”

ಜನರಲ್ಲಿ ಕೆಲವರು ತಲೆ ತಗ್ಗಿಸಿದರು. ಕೋಲು ಮುಂದಿನದಕ್ಕೆ ಹೋಯಿತು. ನೀಲಿ ಬಾಗಿಲ ಮುಂದೆ ಸಾಯ್ರಕಾನ್, ಹೆಗಲ ಮೇಲೆ ಟವೆಲು.

“ಅದು ಲಾರಿಯವರ ಸ್ನಾನದ ಮನೆ. ಫ್ರಾನ್ಸು. ಕಾಸು ಹಾಕಿದ್ರೆ ನೀರು ಬರುತ್ತೆ, ಸೋಪು ಹಚ್ಕೊಳ್ಳೋ ಹೊತ್ತಿಗೆ ನಿಂತೋಗುತ್ತೆ. ಒಬ್ಬೊಬ್ಬರಿಗೆ ಒಂದೊಂದು ಗೂಡು. ಬೆನ್ನು ಉಜ್ಜೋರಿಲ್ಲ, ಮಾತಾಡೋರಿಲ್ಲ. ಅಂಥಾದ್ದಕ್ಕೆ ಸ್ನಾನ ಅಂತಾರಂತೆ!”

ಹೆಂಗಸರು ಗೊಳ್ಳೆಂದು ನಕ್ಕರು. ಮುಸಾಕುನ್ ನಗಲಿಲ್ಲ. “ಫ್ರಾನ್ಸಿಗೆ ಹೋದೋಳು ಪ್ಯಾರಿಸ್ ಗೋಪುರದ ಫೋಟೋ ಯಾಕೆ ತರ್ಲಿಲ್ಲ? ಹೇಳು. ಲೋಕಕ್ಕೆಲ್ಲಾ ಕಾಣೋ ಗೋಪುರ ನಿನಗೊಬ್ಬಳಿಗೆ ಕಾಣಲಿಲ್ವಾ?”

“ಕಾಣಲಿಲ್ಲ,” ಎಂದಳು ಸಾಯ್ರಕಾನ್. “ಊರಾಚೆ ದೊಡ್ಡ ರಸ್ತೇಲಿ ಹೋಗ್ತಿದ್ವಿ. ಜೋಲ್ದೋಶ್ ‘ಅಗೋ ಗೋಪುರ’ ಅಂತ ಕೂಗಿದ. ಆ ಕಡೆ ಅದಿತ್ತು. ಈ ಕಡೆ ಪಕ್ಕದ ಕಾರಲ್ಲಿ ಒಬ್ಬ ಹುಡುಗಿ ಸ್ಟೇರಿಂಗ್ ಹಿಡ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಿದ್ಲು. ಎರಡೂ ಗಾಡಿ ಪಕ್ಕ ಪಕ್ಕ ನಿಂತಿದ್ವು. ನಾನು ಅವಳನ್ನೇ ನೋಡ್ತಿದ್ದೆ. ಅವಳೂ ನೋಡಿದ್ಲು. ಎದೆ ಮೇಲೆ ಕೈಯಿಟ್ಟು ತೋರಿಸ್ದೆ, ಹೋಗುತ್ತೆ ಬಿಡಮ್ಮ ಅಂತ. ಅವಳು ಮೂಗು ಒರೆಸ್ಕೊಂಡು ನಕ್ಕಳು. ಅಷ್ಟರಲ್ಲಿ ಗೋಪುರ ಹಿಂದೆ ಹೋಗಿತ್ತು. ಅದು ಕ್ಯಾಲೆಂಡರಲ್ಲಿ ಸಿಗುತ್ತೆ ಅಕೆ. ಅವಳು ಯಾವ ಕ್ಯಾಲೆಂಡರಲ್ಲಿ ಸಿಗ್ತಾಳೆ? ನಂಬಿದ್ರೆ ನಂಬಿ, ಬಿಟ್ರೆ ಬಿಡಿ.”

ಮುಸಾಕುನನ ಕೋಲು ಮುಂದೆ ಸರಿದು ಇನ್ನೊಂದು ಫೋಟೋ ಮೇಲೆ ನಿಂತಿತು. ಲಾರಿಗಳ ನಡುವೆ ಹಗ್ಗ, ಹಗ್ಗದ ತುಂಬ ಒಗೆದ ಅಂಗಿಗಳು. “ಇದು?”

“ನಿಮ್ಮ ಜರ್ಮನಿ. ಭಾನುವಾರ ಲಾರಿ ಓಡಿಸೋ ಹಾಗಿಲ್ಲ ಅಲ್ಲಿ. ಎಲ್ಲಾರೂ ಬಟ್ಟೆ ಒಗೀತಾರೆ.”

“ಸುಳ್ಳು!” ಮುಸಾಕುನನ ದನಿ ಏರಿತು. “ಜರ್ಮನಿ ನನಗೆ ಗೊತ್ತಿಲ್ವಾ? ಕಲ್ಲು ಹಾಸಿದ ಬೀದಿ, ಗಾಳಿ ತುಂಬ ಕಲ್ಲಿದ್ದಲ ಹೊಗೆ, ಎಲ್ಲಿ ನೋಡಿದ್ರೂ ಕೋಟೆ! ಇದು ಜರ್ಮನಿ ಅಲ್ಲ!”

ಸಾಯ್ರಕಾನ್ ಎದ್ದು ಅವನ ಪಕ್ಕಕ್ಕೆ ಬಂದು ನಿಂತಳು. ಗಂಡನ ಅಣ್ಣನ ಮುಖವನ್ನು ನೇರ ನೋಡಬಾರದು, ಮದುವೆಯಾದಂದಿನಿಂದ ನೋಡಿರಲಿಲ್ಲ. ಅಂದು ನೋಡಿದಳು. “ಅಕೆ, ನಿಮ್ಮನ್ನ ಊಟಕ್ಕೆ ಕರೆದ ಜರ್ಮನರು ಅಂತ ಹೇಳ್ತಾನೇ ಬಂದಿದೀರಿ. ಒಬ್ಬರ ಹೆಸರು ಹೇಳಿ.”

ಊರಿಗೆಲ್ಲ ಬಾಯಿಪಾಠವಾದ ಕಥೆಯಲ್ಲಿ ಆ ಹೆಸರು ಇರಲೇ ಇಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮುದುಕ ಕೋಲಿನ ಮೇಲೆ ಎರಡೂ ಕೈಯೂರಿ ಆ ಫೋಟೋದ ಕಡೆ ಬಗ್ಗಿದ. ಮಾತಾಡಿದಾಗ ಅದು ಜಗಳದ ದನಿಯಾಗಿರಲಿಲ್ಲ.

“ಗೇಟಿನ ಆಚೆ ಬಿಡ್ತಿರಲಿಲ್ಲ ನಮ್ಮನ್ನ. ಒಂದು ದಿನಾನೂ ಬಿಡ್ಲಿಲ್ಲ. ಕರ್ಕೊಂಡು ಹೋದ್ರೆ ಲಾರಿ ಹಿಂದುಗಡೆ, ತಾಡಪಾಲು ಕಟ್ಟಿ. ತಾಡಪಾಲಲ್ಲಿ ಒಂದು ತೂತಿತ್ತು. ಸರದಿ ಮೇಲೆ ನೋಡ್ತಿದ್ವಿ.”

“ನಿಮ್ಮ ಸರದಿ ಬಂದಾಗ ಏನು ಕಾಣಿಸ್ತು?”

“ಯಾರದೋ ಹಿತ್ತಿಲು. ಕೋಳಿ ಇದ್ವು. ನಮ್ಮ ಕೋಳಿ ಥರಾನೇ.”

“ಹಾಗಾದ್ರೆ ನೀವೂ ಜರ್ಮನಿಗೆ ಹೋಗಿದ್ದು ನಿಜ,” ಎಂದಳು ಸಾಯ್ರಕಾನ್. “ನಾನು ನಂಬ್ತೀನಿ. ಈಗ ಕೂತ್ಕೊಳ್ಳಿ.”

ಅವಳೇ ತಟ್ಟೆ ತಂದು ಅವನ ಮುಂದಿಟ್ಟಳು, ಸೊಂಟದ ಮೂಳೆ, ಆವಿಯಾಡುತ್ತಿತ್ತು. ತಿಂದರೆ ಒಪ್ಪಿದ ಹಾಗೆ. ಮುಸಾಕುನ್ ಕೂತ. ಸೊಂಟದಿಂದ ಚಾಕು ತೆಗೆದ. ಒಂದು ತುಂಡು ಕೊಯ್ದು ಬಾಯಿಗಿಟ್ಟು, “ಉಪ್ಪು ಕಮ್ಮಿ,” ಎಂದ. ಶಾರ್ಶೆನ್ ಉಪ್ಪಿನ ಬಟ್ಟಲು ತರಲು ಓಡಿದ.

ಊಟ ಮುಗಿದು ಕೈ ತೊಳೆದಮೇಲೆ ಮುಸಾಕುನ್ ಹರಸಲು ಅಂಗೈಗಳನ್ನು ಬಿಚ್ಚಿ ಎತ್ತಿದ. ಗುಡಾರದಲ್ಲಿದ್ದವರೆಲ್ಲ ಬಿಚ್ಚಿ ಎತ್ತಿದರು. ಒಮ್ಮೆ ಎತ್ತಿದ ಅಂಗೈಯನ್ನು, ಹಾರೈಕೆ ಮುಗಿದು ಎಲ್ಲರೂ ಓಮಿನ್ ಎನ್ನುವತನಕ ಇಳಿಸುವ ಹಾಗಿಲ್ಲ. ಸಾಯ್ರಕಾನಳ ಕೈಗಳು ಮಾತ್ರ ತೊಡೆಯ ಮೇಲೆಯೇ ಇದ್ದವು.

“ನಮ್ಮ ಮನೆ ಸೊಸೆ, ಅವಳ ಮೇಲಿನ ಮಣ್ಣು ರೇಷ್ಮೆಯಾಗಲಿ…” ಎಂದು ಮುಸಾಕುನ್ ಶುರುಮಾಡಿದ.

“ಅದು ಸತ್ತೋರಿಗೆ ಅಕೆ. ಅದು ಬೇಡ.”

“ಮಣ್ಣಲ್ಲದಿದ್ರೆ, ಮಕ್ಕಳು ಮೊಮ್ಮಕ್ಕಳ ನಡುವೆ ಒಲೆ ಮುಂದೆ ಬೆಚ್ಚಗೆ ಕೂತಿರಲಿ…”

“ಅದೂ ಬೇಡ. ಹೊರಟು ನಿಂತೋರಿಗೆ ಏನು ಹೇಳ್ತೀರೋ ಅದನ್ನ ಹೇಳಿ.”

“ಹೆಂಗಸಿಗೆ ಇಷ್ಟು ಹಟ ಇರಬಾರದು!”

“ಇದೆ. ಏನ್ಮಾಡ್ತೀರಿ?”

ಅಂಗೈಗಳು ನೋಯತೊಡಗಿದವು. ಮುಲ್ಲಾ ಒಂದು ಮೊಣಕೈಯನ್ನು ಮೊಣಕಾಲಿಗೆ ಆನಿಸಿಕೊಂಡ. “ಹೇಳಿಬಿಡಿ ಅಕೆ, ತೋಳು ಬಿದ್ದುಹೋಗ್ತಿದೆ,” ಎಂದು ಹಿಂದಿನಿಂದ ಯಾರೋ ಗೋಗರೆದರು. ಮುಸಾಕುನ್ ಯಾರ ಕಡೆಗೂ ನೋಡಲಿಲ್ಲ. ಎದುರಿಗೆ ಕೈಯೆತ್ತದೆ ಕೂತಿದ್ದ ತಮ್ಮನ ಹೆಂಡತಿಯನ್ನೇ ನೋಡಿದ.

“ದಾರಿ ಬೆಳ್ಳಗಿರಲಿ, ಸಾಯ್ರಕಾನ್,” ಎಂದ. “ಎಲ್ಲಾ ಗೇಟೂ ದಾಟಿ ಹೋಗು. ನೆಲ ಮುಗಿಯೋ ತನಕ ಹೋಗು.”

ಸಾಯ್ರಕಾನ್ ಅಂಗೈ ಬಿಚ್ಚಿ ಎತ್ತಿದಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಓಮಿನ್ ಎಂದವಳು ಅವಳೇ.